ಹೊಸ ಸಾಹೇಬರ ವಿಷಯ: ಎಲ್ಲರೂ ಒಮ್ಮೆ ಓದಿ

ಎಲ್ಲ ಮಾಸ್ತರು, ಅಕ್ಕೋರಿಗೆ ನಮಸ್ಕಾರ.

ನಮ್ಮ ಶಿಕ್ಷಣ ಇಲಾಖೆಯ ಹೊಸ ಸಾಹೇಬರು ಗದರುತ್ತಾರೆ ಎಂದು ಗುಂಪಿನಲ್ಲಿ ಬರೆದದ್ದು ಇಷ್ಟಕ್ಕೇ ಸಾಕು. ಸ್ಕ್ರೀನ್‌ಶಾಟ್ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯಲು ಬಸ್ಸಿಗೆ ಕಾಯುವುದಿಲ್ಲ.

ಅವರ ಮಾತು ಖಡಕ್, ನಿಜ. ಆದರೆ ಬಾಕಿ ಬಿದ್ದ ರಜೆ, ಬಡ್ತಿ ಫೈಲುಗಳು ಕದಲಿದ್ದು ಅವರು ಬಂದ ಮೇಲೇ ಅಲ್ವಾ? ಮೊದಲು ಅದನ್ನೇ ಹೇಳೋಣ.

ಸೋಮವಾರ ಸಂಜೆ ಕಚೇರಿಯಲ್ಲಿ ಜನ ಕಡಿಮೆಯಾದ ಮೇಲೆ ನಾನು ಮತ್ತು ಹಿರಿಯ ಅಕ್ಕೋರು ಇಬ್ಬರೇ ಹೋಗುತ್ತೇವೆ. ಜಾಸ್ತಿ ಜನ ಹೋದರೆ ಮುತ್ತಿಗೆ ಹಾಕಿದಂತಾಗುತ್ತದೆ. "ಎಲ್ಲರಿಗೂ ಬೇಜಾರಾಗಿದೆ" ಎನ್ನುವುದಿಲ್ಲ; ಎಲ್ಲರೂ ಅಂದರೆ ಯಾರ್‍ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ಒಂದೇ ಸಂಗತಿ ಹಿಡಿಯುತ್ತೇವೆ. ಸಾಹೇಬರು ಐದನೇ ತರಗತಿ ಮಕ್ಕಳ ಎದುರು ಅವರ ಅಕ್ಕೋರಿಗೆ "ಇದು ಪಾಠ ಮಾಡೋ ರೀತಿನಾ?" ಎಂದು ಗದರಿದರಲ್ಲ, ಮರುದಿನ ಒಬ್ಬ ಹುಡುಗ ಅಕ್ಕೋರಿಗೆ ಅದೇ ಮಾತು, ಅದೇ ದನಿಯಲ್ಲಿ ಅಂದ. ಇಷ್ಟು ಹೇಳಿ ಸುಮ್ಮನಾಗುತ್ತೇವೆ. ಅವರೇ ಯೋಚಿಸಲಿ. ಆಮೇಲೆ ಒಂದು ವಿನಂತಿ: ತಪ್ಪಿದ್ದರೆ ಮುಖ್ಯ ಶಿಕ್ಷಕರ ಕೋಣೆಯಲ್ಲಿ ಹೇಳಿ, ಶಾಲೆಗೆ ಬಂದವರು ಬರೆಯುವ ಸಂದರ್ಶನ ಪುಸ್ತಕದಲ್ಲಿ ಬರೆಯಿರಿ.

ಇನ್ನೊಂದು. ಅವರು ಬಯಲುಸೀಮೆಯವರು. ಹಳ್ಳ ತುಂಬಿದ ದಿನ ಹಾಜರಾತಿ ಯಾಕೆ ಬೀಳುತ್ತದೆ, ಕರೆಂಟು ನೆಟ್‌ವರ್ಕು ಎರಡೂ ಹೋದಾಗ ಆನ್‌ಲೈನ್ ಎಂಟ್ರಿ ಯಾಕೆ ತಡವಾಗುತ್ತದೆ ಎಂದು ಕಂಡಿಲ್ಲ. ನಮ್ಮ ಉತ್ತರ ಕನ್ನಡ ಒಂದೇ ಜಿಲ್ಲೆಯನ್ನು ಕರಾವಳಿಗೆ ಕಾರವಾರ, ಘಟ್ಟದ ಮೇಲಕ್ಕೆ ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆ ಮಾಡಿದ್ದು ಸುಮ್ನೆ ಅಲ್ಲ. ಮಳೆಗಾಲದಲ್ಲಿ ಒಮ್ಮೆ ಗುಡ್ಡದ ಶಾಲೆಗೆ ಬನ್ನಿ ಎಂದು ಕರೆಯುತ್ತೇವೆ.

ಬೇರೆ ಏನಾದರೂ ಹೇಳಬೇಕಿದ್ದರೆ ಭಾನುವಾರದೊಳಗೆ ನನಗೆ ಮಾತ್ರ ಕಳಿಸಿ. ಎರಡು ಸಾಲು ಸಾಕು, ವಾಯ್ಸ್ ಮೆಸೇಜ್ ಬೇಡ.