ಗೆದ್ದಲಿಗೆ ಹೊಡೆದ ಔಷಧಿ ಕೆರೆಗೆ ಹೋಯಿತು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಬೀದಿಯ ಒಂದು ಮನೆಗೆ ಗೆದ್ದಲಿಗೆ ಔಷಧಿ ಹೊಡೆಯಲು ಇಬ್ಬರು ಹುಡುಗರು ಬಂದಿದ್ದರು. ಗೋಡೆ ಬುಡ, ಕಾಂಪೌಂಡು, ಗೇಟಿನ ಮುಂದಿನ ಕಾಂಕ್ರೀಟು, ಎಲ್ಲಾ ಕಡೆ ಹೊಡೆದರು. ಕೆಲಸ ಮುಗಿದ ಮೇಲೆ ಪಂಪು, ಬಕೆಟ್ಟು ಎರಡನ್ನೂ ರಸ್ತೆ ಬದಿಯ ಮೋರಿಯಲ್ಲೇ ತೊಳೆದರು. ನೀರು ಹಾಲಿನ ಹಾಗೆ ಬೆಳ್ಳಗೆ ಹರಿಯಿತು. ನಾನು ಕೇಳಿದ್ದಕ್ಕೆ ಒಬ್ಬ ಹುಡುಗ, "ಮೋರಿಗೆ ತಾನೇ ಬಿಟ್ಟಿದ್ದು, ಏನೂ ಆಗಲ್ಲ ಬಿಡಿ ಅಮ್ಮಾ" ಅಂದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕೈಗೆ ಗ್ಲೌಸ್ ಕೂಡ ಕೊಟ್ಟಿರಲಿಲ್ಲ. ಅವತ್ತು ಸಂಜೆಯೇ ಜೋರು ಮಳೆ ಬಂತು.

ಆ ಮೋರಿ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಬಚ್ಚಲು, ಪಾಯಿಖಾನೆಯ ನೀರಿಗೆ ಒಳಚರಂಡಿ ಇದೆ, ಕೊನೆಯಲ್ಲಿ ಶುದ್ಧೀಕರಣ ಘಟಕ ಇದೆ. ಈ ಮೋರಿ ಮಳೆನೀರು ಚರಂಡಿ, ಇದಕ್ಕೆ ಅದ್ಯಾವುದೂ ಇಲ್ಲ. ಬೀದಿಯ ಮಣ್ಣು, ಎಣ್ಣೆ, ಔಷಧಿ ಎಲ್ಲವನ್ನೂ ಹೊತ್ತುಕೊಂಡು ಅದು ಇಳಿಜಾರಿನ ಕಡೆ ಹೋಗುತ್ತದೆ. ನಮ್ಮ ರಾಮಕೃಷ್ಣನಗರದಲ್ಲಿ ಇಳಿಜಾರಿನ ಕೊನೆಗೆ ಇರುವುದು ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ 1828ರಲ್ಲಿ ಕಟ್ಟಿಸಿದ ಕೆರೆ. ನಾನು ಬೆಳಿಗ್ಗೆ ವಾಕಿಂಗ್ ಹೋಗುವುದೂ ಅಲ್ಲಿಗೇ. ಹೆಜ್ಜಾರ್ಲೆ, ನೀರುಕಾಗೆ, ನಾಮದ ಕೋಳಿಗಳನ್ನು ದಿನಾ ನೋಡುವ ನನಗೆ ಆ ಬಿಳಿ ನೀರು ಕಣ್ಣಿಂದ ಹೋಗುತ್ತಿಲ್ಲ.

ಇವತ್ತು ಜಿರಳೆ, ಇರುವೆ, ಸೊಳ್ಳೆಗೆ ಅಂತ ಅಂಗಡಿಯಲ್ಲಿ ಸಿಗುವ ಸ್ಪ್ರೇಗಳಲ್ಲಿ ಬಹುಪಾಲು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯವು. ಇವನ್ನು ಪೈರೆಥ್ರಾಯ್ಡ್ ಎನ್ನುತ್ತಾರೆ. ಮನುಷ್ಯರ ಮೈ ಇವನ್ನು ಬೇಗ ಒಡೆದು ಹೊರಗೆ ಹಾಕುತ್ತದೆ, ಅದಕ್ಕೇ "ಮನೆಗೆ ಸೇಫ್" ಅಂತ ಮಾರುತ್ತಾರೆ. ಮೀನಿಗೆ ಆ ಶಕ್ತಿ ತೀರಾ ಕಡಿಮೆ. ಬಹಳ ಕಡಿಮೆ ಪ್ರಮಾಣವೂ ಅದಕ್ಕೆ ವಿಷವೇ. ಜೊತೆಗೆ ಈ ಔಷಧಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಮಳೆಗೆ ಮಣ್ಣಿನ ಜೊತೆ ಕೊಚ್ಚಿಹೋಗಿ ಕೆರೆಯ ತಳದ ಕೆಸರಿನಲ್ಲಿ ಕೂರುತ್ತದೆ. ಆ ಕೆಸರಿನಲ್ಲೇ ಏರೋಪ್ಲೇನ್ ಚಿಟ್ಟೆಯ ಮರಿಗಳು ಬೆಳೆಯುವುದು. ಅವು ತಿನ್ನುವುದು ಸೊಳ್ಳೆ ಮರಿಗಳನ್ನು. ಸೊಳ್ಳೆಗೆ ಅಂತ ಹೊಡೆದು ಸೊಳ್ಳೆ ತಿನ್ನುವುದನ್ನೇ ಕೊಲ್ಲುತ್ತಿದ್ದೇವೆ, ಅಲ್ವಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೇ ಆಗಿತ್ತು. ಹೊಲ ಗದ್ದೆ ಇಲ್ಲದ, ಬರೀ ಮನೆಗಳೇ ಇರುವ ಬಡಾವಣೆಗಳ ಹಳ್ಳಗಳ ಕೆಸರಿನಲ್ಲಿ ಪೈರೆಥ್ರಾಯ್ಡ್ ಸಿಕ್ಕಿತು. ಆಮೇಲೆ 2012ರಲ್ಲಿ ಅಲ್ಲಿ ಔಷಧಿ ಹೊಡೆಯುವ ಕಂಪನಿಗಳಿಗೆ ನಿಯಮ ಬಂತು. ಮಳೆ ಬರುವಾಗ ಹೊಡೆಯಬಾರದು, ನೀರು ನಿಂತ ಕಡೆ ಹೊಡೆಯಬಾರದು, ಕಾಂಕ್ರೀಟ್ ನೆಲಕ್ಕೆಲ್ಲ ಬಳಿಯಬಾರದು. ನಮಗೂ ಇಷ್ಟು ನಿಯಮ ಬೇಕು. ಮೈಸೂರಿನಲ್ಲಿ ಮೇ ಮತ್ತು ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಇರುವೆ, ಗೆದ್ದಲು ಕಾಣಿಸಿಕೊಂಡು ಜನ ಔಷಧಿಯವರಿಗೆ ಫೋನ್ ಮಾಡುವುದೂ ಮಳೆ ಬಿದ್ದಾಗಲೇ.

ಹುಳ ಹುಪ್ಪಟೆ ಇದ್ದರೂ ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆಯನ್ನು ತಡೆಯಲೇಬೇಕು. ಆದರೆ ಹೊಗೆ ಹೊಡೆದರೆ ಸಾಯುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿಗಳು ಹಾಗೇ ಇರುತ್ತವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಮನೆಯ ತಿಳಿನೀರಿನಲ್ಲಿ. ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಡ್ಜಿನ ಹಿಂದಿನ ಟ್ರೇ, ತಾರಸಿ ಮೇಲೆ ಬಿಟ್ಟ ಟೈರು. ವಾರಕ್ಕೊಮ್ಮೆ ಇವನ್ನು ಖಾಲಿ ಮಾಡಿ ಉಜ್ಜಿದರೆ ಮರಿ ಸೊಳ್ಳೆಯಾಗುವಷ್ಟು ದಿನ ಸಿಗುವುದಿಲ್ಲ. ಖಾಲಿ ಮಾಡಲಾಗದ ಕಡೆಗೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಇದೆ. ಅದು ಸೊಳ್ಳೆ ಮರಿಯನ್ನು ಕೊಲ್ಲುತ್ತದೆ, ಮೀನಿಗೆ ಏನೂ ಮಾಡುವುದಿಲ್ಲ. ಪಾಲಿಕೆ ಹೊಗೆಗೆ ಮಾಡುವ ಖರ್ಚಿನಲ್ಲಿ ಒಂದು ಭಾಗವನ್ನಾದರೂ ಇದಕ್ಕೆ ತಿರುಗಿಸಲಿ.

ಜಿರಳೆಗೆ ನಾನು ಸ್ಪ್ರೇ ತರುವುದು ಬಿಟ್ಟು ವರ್ಷಗಳಾದವು. ಸಿಂಕಿನ ಕೆಳಗಿನ ಬಿರುಕಿಗೆ ಸಿಮೆಂಟ್ ಮೆತ್ತಿಸಿದೆ. ಬೋರಿಕ್ ಪುಡಿ, ಗೋಧಿಹಿಟ್ಟು, ಸಕ್ಕರೆ ಕಲಸಿ ಚಿಕ್ಕ ಉಂಡೆ ಮಾಡಿ ಮಕ್ಕಳು, ನಾಯಿಗೆ ಸಿಗದ ಮೂಲೆಯಲ್ಲಿ ಇಡುತ್ತೇನೆ. ಇಟ್ಟಲ್ಲೇ ಇರುತ್ತದೆ, ಮಳೆಗೆ ಹರಿದು ಹೋಗುವುದಿಲ್ಲ. ದಾಸವಾಳಕ್ಕೆ ಹಿಟ್ಟು ತಿಗಣೆ (ಗಿಡದ ರಸ ಹೀರುವ, ಹಿಟ್ಟು ಮೆತ್ತಿದ ಹಾಗೆ ಕಾಣುವ ಬಿಳಿ ಹುಳ) ಬಂದರೆ ಮೊದಲು ಪೈಪಿನ ನೀರು ಜೋರಾಗಿ ಬಿಟ್ಟು ಉದುರಿಸುತ್ತೇನೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಹಾಕಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ಅರಿಶಿನ, ವಿಭೂತಿ ಉದುರಿಸಿಯೂ ನೋಡಿದೆ, ಅದು ಅಷ್ಟು ಕೆಲಸ ಮಾಡಲಿಲ್ಲ.

ನನ್ನ ತವರು ಮದ್ದೂರು ಕಡೆ. ಅಮ್ಮ ರೇಷ್ಮೆ ಹುಳ ಮೇಯಿಸುತ್ತಿದ್ದರು. ಹುಳದ ಮನೆ ಹತ್ತಿರ ಸೊಳ್ಳೆ ಬತ್ತಿ ಹಚ್ಚಿದರೆ ಬೈಯುತ್ತಿದ್ದರು. ಪಕ್ಕದ ಹೊಲಕ್ಕೆ ಔಷಧಿ ಹೊಡೆಯುತ್ತಾರೆ ಎಂದರೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿರಲಿಲ್ಲ. ಗಾಳಿಗೆ ಬಂದ ನಾಲ್ಕು ಹನಿಗೆ ಇಡೀ ಬೆಳೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಪಪ್ಪಾಯಿಯ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹತ್ತಿತು. ಔಷಧಿ ಹೊಡೆದರೆ ರೇಷ್ಮೆ ಹುಳ ಸಾಯುತ್ತದೆ, ಬಿಟ್ಟರೆ ಸೊಪ್ಪು ಹಾಳು. 2010ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಆ ತಿಗಣೆಯನ್ನು ಮಾತ್ರ ಕೊಲ್ಲುವ ಒಂದು ಪುಟ್ಟ ಕಣಜದ ಹುಳವನ್ನು ಪೋರ್ಟೊರಿಕೋದಿಂದ ತರಿಸಿ, ಬೆಳೆಸಿ ಬಿಟ್ಟರು. ತಿಗಣೆ ಹತೋಟಿಗೆ ಬಂತು. ಹಳ್ಳಿಯ ರೈತರು ವಿಷ ಹೊಡೆಯದೆ ಒಂದು ದೊಡ್ಡ ಪೀಡೆಯನ್ನು ದಾಟಿದ್ದಾರೆ. ನಾವು ನಗರದವರು ನಾಲ್ಕು ಇರುವೆ ಕಂಡರೆ ಅಂಗಳ ಪೂರ್ತಿ ಹೊಡೆಸುತ್ತೇವೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಔಷಧಿಯವರನ್ನು ಕರೆಸಲೇಬೇಕಾದರೆ ಯಾವ ಔಷಧಿ ಎಂದು ಹೆಸರು ಕೇಳಿ, ಬಿಲ್ಲಿನಲ್ಲಿ ಬರೆಸಿ. ಹುಳ ಇರುವ ಜಾಗಕ್ಕೆ ಮಾತ್ರ ಹೊಡೆಯಲು ಹೇಳಿ. ಮೋಡ ಇದ್ದ ದಿನ ಬೇಡ ಎನ್ನಿ. ಪಂಪನ್ನು ಮೋರಿಯಲ್ಲಿ ತೊಳೆಯಲು ಬಿಡಬೇಡಿ.

ಪಾಲಿಕೆಗೂ ಒಂದು ಮಾತು. ಪ್ರತಿ ಬೀದಿಯ ಮಳೆನೀರು ಚರಂಡಿಯ ಚಪ್ಪಡಿ ಮೇಲೆ "ಈ ನೀರು ಕೆರೆಗೆ ಹೋಗುತ್ತದೆ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ನಮ್ಮ ಬೀದಿಯಲ್ಲಿ ಬರೆಯಲು ನಾವು ನಾಲ್ಕು ಜನ ಹೆಂಗಸರು ಸಿದ್ಧರಿದ್ದೇವೆ. ಒಪ್ಪಿಗೆ ಕೊಡಿ ಸಾಕು, ಬಣ್ಣ, ಬ್ರಷ್ ನಾವೇ ತರುತ್ತೇವೆ.

ಇಂತಿ,
ರಾಮಕೃಷ್ಣನಗರದ ಒಬ್ಬ ಗೃಹಿಣಿ, ಮೈಸೂರು