ಕಾಲಡಿಯ ಮೌಸ್ ಶಿಫ್ಟ್ ಕೀ ಆಯಿತು

ಮಾನ್ಯರೇ,

ನಮ್ಮಣ್ಣ ದಾವಣಗೆರೆಯಲ್ಲಿ 22 ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದಾರೆ. ಮದುವೆ ಕಾರ್ಡು, ಕರಪತ್ರ, ಹೋಟೆಲ್ ಮೆನು, ಎಲ್ಲ. ಹೋದ ವರ್ಷ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಎಡಗೈಯಲ್ಲೇ ಟೈಪ್ ಮಾಡ್ತೀನಿ ಎಂದು ಕೂತರು. ಆದರೆ ಕನ್ನಡ ತಂತ್ರಾಂಶ ‘ನುಡಿ’ಯ ಕೀಲಿಮಣೆಯಲ್ಲಿ ಲ ಕೀಗೆ ಶಿಫ್ಟ್ ಸೇರಿದರೇ ಳ. ‘ಬೆಳ್ಳುಳ್ಳಿ’ ಎಂದು ಬರೆಯಲು ಅದೊಂದಕ್ಕೇ ನಾಲ್ಕು ಸಲ ಶಿಫ್ಟ್ ಬೇಕು. ಒಂದೇ ಕೈಯಲ್ಲಿ ಶಿಫ್ಟನ್ನೂ ಹಿಡಿದು ಅಕ್ಷರವನ್ನೂ ಒತ್ತಿ ಅರ್ಧ ಗಂಟೆಗೇ ಮಣಿಕಟ್ಟು ನೋಯುತ್ತಿತ್ತು. ಶಿಫ್ಟನ್ನು ಒತ್ತಿ ಬಿಟ್ಟರೂ ಮುಂದಿನ ಅಕ್ಷರಕ್ಕೆ ಅದು ತಗಲುವ ‘ಸ್ಟಿಕಿ ಕೀಸ್’ ಸೌಲಭ್ಯ ಹಾಕಿಕೊಟ್ಟೆ. ಬೆರಳು ಪ್ರತಿ ಸಲ ಹೋಗಿ ಬರಬೇಕಲ್ಲ, ಓಟವೇ ಸಿಗುತ್ತಿಲ್ಲ ಎಂದರು.

ನಾನು ಡಿಪ್ಲೊಮಾ ಮಕ್ಕಳಿಗೆ ಪೈಥಾನ್ ಪ್ರೋಗ್ರಾಮಿಂಗ್ ಹೇಳಿಕೊಡುವವಳು. ಒಂದು ಹಳೇ ಯುಎಸ್‌ಬಿ ಮೌಸ್ ತಂದು ಅಣ್ಣನ ಎಡಗಾಲ ಕೆಳಗಿಟ್ಟೆ. ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನಲ್ಲಿ ಯುಇನ್‌ಪುಟ್ ಅಂತ ಒಂದು ಸೌಲಭ್ಯವಿದೆ. ಅದರಿಂದ ಪ್ರೋಗ್ರಾಮೇ ಒಂದು ಕೀಬೋರ್ಡ್ ಹುಟ್ಟಿಸಬಹುದು. ಕೈಗೆ ಸಿಗದ ಕೀಬೋರ್ಡ್, ಆದರೆ ಕಂಪ್ಯೂಟರಿಗೆ ಅದು ನಿಜವಾದದ್ದೇ. ಪೈಥಾನ್‌ನ ಇವಿಡೆವ್ ಎಂಬ ಸಿದ್ಧ ಕೋಡಿನ ಕಟ್ಟು (ಲೈಬ್ರರಿ) ಜೊತೆಗಿದ್ದರೆ ಇಪ್ಪತ್ತು ಸಾಲು ಸಾಕು. ಕಾಲಡಿಯ ಮೌಸನ್ನು ಪ್ರೋಗ್ರಾಂ ಪೂರ್ತಿ ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ, ಪರದೆಯ ಮೇಲೆ ಸುಮ್ನೆ ಕ್ಲಿಕ್ ಆಗುವುದಿಲ್ಲ. ಹೆಬ್ಬೆರಳು ಒತ್ತಿದರೆ 1 ಹೋಗುತ್ತದೆ, ಶಿಫ್ಟ್ ಒತ್ತಿದ ಹಾಗೆ. ಬಿಟ್ಟರೆ 0. ಮೊದಲ ದಿನ ಆ 0 ಕಳಿಸುವ ಸಾಲು ಬಿಟ್ಟುಹೋಗಿತ್ತು. ಕ ಒತ್ತಿದರೆ ಖ, ಗ ಒತ್ತಿದರೆ ಘ! ಸರಿಮಾಡಿದ ಮೇಲೆ ಅಣ್ಣ ಮೊದಲು ಟೈಪ್ ಮಾಡಿದ್ದು ಬೆಳ್ಳುಳ್ಳಿಯನ್ನೇ. ಮೌಸಿನ ಇನ್ನೊಂದು ಬಟನ್ನಿಗೆ ಒತ್ತಕ್ಷರ ಮೂಡಿಸುವ ಎಫ್ ಕೀ ಹಾಕಿಕೊಡು ಎಂದಿದ್ದಾರೆ.

ಕಾಲಿನ ಪೆಡಲ್ ಅಂಗಡಿಯಲ್ಲೂ ಸಿಗುತ್ತದೆ, ನಿಜ. ಆದರೆ ಒಬ್ಬರಿಗೆ ಕಾಲು ಆಡುತ್ತದೆ, ಇನ್ನೊಬ್ಬರಿಗೆ ಮೊಣಕೈ ಮಾತ್ರ. ಪಕ್ಕದಲ್ಲಿ ಕೂತು, ನೋಡಿ, ಅವರವರಿಗೆ ತಕ್ಕಂತೆ ಬದಲಿಸುವವರು ಬೇಕು. ಅಂಥ ಹುಡುಗ ಹುಡುಗಿಯರು ನಮ್ಮ ಡಿಪ್ಲೊಮಾ ತರಗತಿಗಳಲ್ಲೇ ಇದ್ದಾರೆ. ಕೊನೇ ವರ್ಷದ ಪ್ರಾಜೆಕ್ಟ್ ಎಂದು ಅವರಿಂದ ಇಂದಿಗೂ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ ಬರೆಸುತ್ತೇವೆ. ಮಾರ್ಕ್ಸ್ ಬಿದ್ದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ಅದರ ಬದಲು ಪ್ರತಿ ತಂಡಕ್ಕೂ ಅದೇ ಊರಿನ, ಕೈ ಆಡದ ಒಬ್ಬರನ್ನು ಜೊತೆ ಮಾಡಿಕೊಡಿ ಎಂದು ತಾಂತ್ರಿಕ ಶಿಕ್ಷಣ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ಯುಇನ್‌ಪುಟ್ ಬಳಸಲು ಲ್ಯಾಬಿನ ಕಂಪ್ಯೂಟರಿನಲ್ಲಿ ಅಡ್ಮಿನ್ ಒಮ್ಮೆ ಅನುಮತಿ ಕೊಡಬೇಕಾಗುತ್ತದೆ, ಅಷ್ಟೇ. ನನ್ನ ಇಪ್ಪತ್ತು ಸಾಲನ್ನು ಕೇಳಿದ ಕಾಲೇಜಿಗೆಲ್ಲ ಕೊಡುತ್ತೇನೆ.

– ಒಬ್ಬ ಉಪನ್ಯಾಸಕಿ, ದಾವಣಗೆರೆ