ಗಣಪು, ಮೀನು ಇನ್ನೂ ಬಂದಿಲ್ಲ

ಪ್ರೀತಿಯ ಗಣಪು,

ಫೋನ್ ಮಾಡಿದಾಗಲೆಲ್ಲ ನೀನು ಕೇಳುವುದು ಒಂದೇ ಮಾತು. "ಮೀನು ಬಂತಾ ಮಾರಾಯ?" ನಾನು ತಕ್ಷಣ ಮಳೆ ವಿಷಯಕ್ಕೆ ಹಾರುತ್ತೇನೆ. ಈಗ ಎಲ್ಲರ ಎದುರಿಗೇ ಹೇಳಿಬಿಡುತ್ತೇನೆ. ಬಂದಿಲ್ಲ. ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟಿನಲ್ಲಿ ಸಮುದ್ರದ ಮೀನಿಗೆ ಅಂತ ಮಾಡಿದ ಟ್ಯಾಂಕ್ ಇದೆ, ನೀರಿದೆ, ಕಲ್ಲಿದೆ, ನೀಲಿ ಲೈಟಿದೆ. ಸಂಜೆ ಮನೆಗೆ ಬಂದವರು ಸೋಫಾದಲ್ಲಿ ಕೂತು, ಖಾಲಿ ನೀರು ನೋಡುತ್ತಾ ಕಾಫಿ ಕುಡಿದು ಹೋಗುತ್ತಾರೆ. ಪಾಪ, ಎಲ್ಲೋ ಕಲ್ಲಿನ ಹಿಂದೆ ಇರಬೇಕು ಅಂದುಕೊಂಡು ಬಗ್ಗಿ ಬಗ್ಗಿ ಹುಡುಕುತ್ತಾರೆ. ನಾನೂ ಸುಮ್ಮನಿರುತ್ತೇನೆ.

ಗ್ರೂಪಿನಲ್ಲಿ ಎಲ್ಲರೂ ಸೇರಿ ಆಡಿಕೊಳ್ಳುತ್ತಿದ್ದೀರಿ, ಗೊತ್ತು. ಅದಕ್ಕೇ ಈ ಪತ್ರವನ್ನು ಊರಿಗೆಲ್ಲ ಕಾಣುವ ಹಾಗೆ ಹಾಕುತ್ತಿದ್ದೇನೆ. ಓದುವವರು ಓದಲಿ. ಪೈ ಮಾಸ್ತರರ ಕೊಡೆ ವಿಷಯ ಮಾತ್ರ ಬರೆಯಲ್ಲ, ನೀನು ಆರಾಮಾಗಿರು.

ಮೊದಲು ನನ್ನ ಆಸೆ ದೊಡ್ಡದಿತ್ತು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಲೆಕ್ಕ ಹಾಕಿದರೆ ಸುಮಾರು 450 ಲೀಟರ್. ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿದರೆ 600 ಕೆಜಿ ದಾಟುತ್ತದೆ. ಮನೆಯ ಸ್ಲ್ಯಾಬ್ ಡಿಸೈನ್ ಮಾಡುವಾಗ ಚದರ ಮೀಟರಿಗೆ 200 ಕೆಜಿಯಷ್ಟು ಭಾರ ಹಿಡಿಯುತ್ತಾರಂತೆ. ನನ್ನ ಟ್ಯಾಂಕ್ ನಿಲ್ಲುವ ಜಾಗ ಒಂದು ಚದರ ಮೀಟರೂ ಇಲ್ಲ. ಎಂಜಿನಿಯರ್ ಭಾವ ಚಿತ್ರ ನೋಡಿ, "ಎರಡನೇ ಮಹಡಿಯವರಿಗೂ ಸಮುದ್ರ ತೋರಿಸ್ತೀಯಾ?" ಅಂದರು. ಅಲ್ಲಿಗೆ ಮೂರಡಿಗೆ ಇಳಿದೆ. ಅಗಲ ಎತ್ತರ ಒಂದೂವರೆ ಅಡಿ, 190 ಲೀಟರ್. ಅದನ್ನೂ ಕೆಳಗೆ ಬೀಮ್ ಇರುವ ಕಡೆ, ಗೋಡೆಗೆ ಒತ್ತಿ ಇಟ್ಟಿದ್ದೇವೆ.

ನೀನು ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿ ರಾತ್ರಿ ಬಸ್ಸಿಗೆ ಹಾಕ್ತೇನೆ ಅಂದಿದ್ದೆಯಲ್ಲ, ಅದು ತಮಾಷೆಗೆ ಹೇಳಿದ್ದಲ್ಲ ಅಂತ ನನಗೆ ಗೊತ್ತು. ಕಂಡಕ್ಟರ್ ಹತ್ರ ಮಾತಾಡಿಯೂ ಇಟ್ಟಿದ್ದೆ. ಬೇಡ ಅಂದದ್ದಕ್ಕೆ ಕಾರಣ ಇದೆ. ನಮ್ಮ ಹೊನ್ನಾವರದ ದಡದ ನೀರು ಮಳೆಗಾಲದಲ್ಲಿ ಅರ್ಧ ಸಮುದ್ರ, ಅರ್ಧ ಶರಾವತಿ. ಉಪ್ಪು ಕಮ್ಮಿ, ಕೆಸರು ಜಾಸ್ತಿ. ಹವಳದ ಟ್ಯಾಂಕಿಗೆ ಒಂದು ಲೀಟರಿನಲ್ಲಿ 35 ಗ್ರಾಂ ಉಪ್ಪು ಇರಬೇಕು, ಇವತ್ತೂ ಅಷ್ಟೇ, ನಾಳೆಯೂ ಅಷ್ಟೇ. ನಮ್ಮ ಊರಿನ ಸಮುದ್ರ ಅಷ್ಟು ಶಿಸ್ತಿನದಲ್ಲ.

ಗೋಕರ್ಣದ ಹತ್ರದ ಸಾಣಿಕಟ್ಟಾ ಉಪ್ಪು ಕರಗಿಸಿದರೆ ಆಗಲ್ವಾ ಅಂತ ನೀನು ಕೇಳ್ತೀಯಾ. ನಾನೂ ಹಾಗೇ ಅಂದುಕೊಂಡಿದ್ದೆ. ಆಗಲ್ಲ. ಸಮುದ್ರದ ನೀರು ಬಿಸಿಲಿಗೆ ಆರುವಾಗ ಕ್ಯಾಲ್ಸಿಯಂನ ಅಂಶ ಮೊದಲೇ ಬೇರೆಯಾಗಿ ತಳ ಸೇರುತ್ತದೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಷಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಹೋಗುತ್ತದೆ. ನಮ್ಮ ಕೈಗೆ ಸಿಗುವುದು ಊಟದ ಉಪ್ಪು ಮಾತ್ರ. ಅದನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರ ವಾಪಸ್ ಬರಲ್ಲ. ಹವಳ ಬೆಳೆಯಬೇಕಾದರೆ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು, 1300ರಷ್ಟು ಮೆಗ್ನೀಷಿಯಂ ಬೇಕು. ಹಾಗಾಗಿ ಡಬ್ಬಿಯಲ್ಲಿ ಬರುವ ಫಾರಿನ್ ಉಪ್ಪು. ಕಡಲ ದಡದಲ್ಲಿ ಹುಟ್ಟಿದವನು ಸಮುದ್ರದ ಉಪ್ಪನ್ನು ಆನ್‌ಲೈನಿನಲ್ಲಿ ತರಿಸಿದ ಅಂತ ಆಯಿಗೆ ಹೇಳಬೇಡ.

ನೀರು ನಲ್ಲಿಯದ್ದೇ, ಆದರೆ ನಲ್ಲಿಯಲ್ಲಿ ಬಂದ ಹಾಗೆ ಹಾಕುವಂತಿಲ್ಲ. ಆರ್‌ಓ, ಅದರ ಮುಂದೆ ಇನ್ನೊಂದು ಫಿಲ್ಟರ್. ಮೀಟರಿನಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, ಸೊನ್ನೆ ತೋರಿಸಬೇಕು. ಒಂದು ಬಕೆಟ್ ಒಳ್ಳೆ ನೀರಿಗೆ ಎರಡು ಮೂರು ಬಕೆಟ್ ವೇಸ್ಟ್. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ಕೂತ ಬೆಂಗಳೂರು ಇದು. ಇವಳು ಆ ವೇಸ್ಟ್ ನೀರನ್ನೆಲ್ಲ ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲಿಕ್ಕೆ, ಬಾತ್‌ರೂಮಿಗೆ ಬಳಸುತ್ತಾಳೆ. ನಮ್ಮ ಮನೆ ನೆಲ ಇಷ್ಟು ಹೊಳೆದದ್ದು ಯಾವತ್ತೂ ಇಲ್ಲ.

ಕರೆಂಟ್ ಹೋದರೆ ಏನಾಗುತ್ತದೆ ಅಂತ ನೋಡಲಿಕ್ಕೆ ಒಂದು ರಾತ್ರಿ ನಾನೇ ಮೇನ್ ಆಫ್ ಮಾಡಿದೆ. ಟ್ಯಾಂಕಿನ ಕೆಳಗೆ ಇನ್ನೊಂದು ಗಾಜಿನ ತೊಟ್ಟಿ ಇರುತ್ತದೆ. ಮೇಲಿನ ನೀರು ಅಲ್ಲಿಗೆ ಇಳಿದು, ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ಪಂಪ್ ನಿಂತರೂ ಇಳಿಯುವುದು ನಿಲ್ಲಲ್ಲ. ನಾವಿಬ್ಬರೂ ನೆಲದ ಮೇಲೆ ಕೂತು ಮೊಬೈಲ್ ಟಾರ್ಚ್ ಹಿಡಿದು ನೋಡುತ್ತಿದ್ದೆವು. ನೀರು ಏರಿತು, ಏರಿತು, ಅಂಚಿಗೆ ಎರಡು ಬೆರಳು ಇದೆ ಅನ್ನುವಾಗ ಪೈಪಿನ ತೂತಿಗೆ ಗಾಳಿ ಸಿಕ್ಕಿ ಗೊಳ್ ಅಂತ ನಿಂತಿತು. ಕೈಯಲ್ಲಿದ್ದ ಟವೆಲ್ಲುಗಳೆಲ್ಲ ಒಣಗೇ ಉಳಿದವು. ಇವಳು ಚಪ್ಪಾಳೆ ತಟ್ಟಿದಳು ಮಾರಾಯ.

ಆಮೇಲೆ ಕೊಳೆಯಿಸುವ ಹಂತ. ಒಂದು ಸಿಗಡಿ ತುಂಡು ನೀರಿಗೆ ಹಾಕಿ ಬಿಡಬೇಕು. ಅದು ಕೊಳೆತು ಅಮೋನಿಯಾ ಆಗುತ್ತದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹುಟ್ಟಿಕೊಂಡು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಅದನ್ನು ತಿನ್ನುವ ಇನ್ನೊಂದು ಜಾತಿ ಬಂದು ನೈಟ್ರೇಟ್ ಮಾಡಿದ ಮೇಲೆ ನೀರು ಮೀನಿಗೆ ಯೋಗ್ಯ. ನಾಲ್ಕರಿಂದ ಆರು ವಾರದ ಕೆಲಸ. ದಿನಾ ರಾತ್ರಿ ಚಿಕ್ಕ ಗಾಜಿನ ನಳಿಗೆಗೆ ನೀರು ಹಿಡಿದು, ಹನಿ ಎಣಿಸಿ ಹಾಕಿ, ಕುಲುಕಿ, ಬಿಳಿ ಕಾಗದದ ಮುಂದೆ ಹಿಡಿಯುವುದು. ಹಸಿರು ಬಂದರೆ ಅಮೋನಿಯಾ ಇದೆ, ಹಳದಿ ಬಂದರೆ ಇಲ್ಲ. ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ನಿನ್ನ ರಿಸಲ್ಟ್ ನೋಡಿ ಬರೆದವನು ಈಗ ಮನೆಯಲ್ಲಿ ಕೂತು ಅದನ್ನೇ ಸ್ವಂತ ಖರ್ಚಿನಲ್ಲಿ ಮಾಡುತ್ತಿದ್ದೇನೆ.

ಹವಳದ ಕತೆ ಬೇರೆ. ಗಟ್ಟಿ ಹವಳ, ಅಂದರೆ ದಿಬ್ಬ ಕಟ್ಟುವ ಜಾತಿ, ನಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. 2001ರಲ್ಲಿ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಹುಲಿ ಆನೆ ಇರುವ ಪಟ್ಟಿ ಅದು. ಕಡಲಕುದುರೆಯನ್ನೂ ಆಗಲೇ ಅದಕ್ಕೆ ಸೇರಿಸಿದ್ದು. ಅಂಗಡಿಯವರು ಒಬ್ಬರು ಮೆಲ್ಲಗೆ ಹತ್ರ ಬಂದು "ಬೇಕಾದ್ರೆ ತರಿಸಿಕೊಡ್ತೇನೆ ಸರ್" ಅಂದರು. ಹುಲಿ ಮರಿ ತರಿಸಿಕೊಡ್ತೀರಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ನಮ್ಮ ಶೋಕೇಸಿನಲ್ಲಿದ್ದ ಆ ಬಿಳಿ ತುಂಡು ಈಗ ಎಲ್ಲಿದೆ ಅಂತ ನಿನಗೆ ಗೊತ್ತು. ಇಲ್ಲಿ ಬೇಡ.

ಓದುತ್ತಾ ಹೋದ ಹಾಗೆ ಈ ಹುಚ್ಚಿನ ಇತಿಹಾಸವೂ ಸಿಕ್ಕಿತು. 1846ರಲ್ಲಿ ಆನಾ ಥಿನ್ ಅನ್ನುವ ಹೆಂಗಸು ಇಂಗ್ಲೆಂಡಿನ ಟಾರ್ಕೀ ದಡದಿಂದ ಹವಳ ಜೀವಿಗಳನ್ನು ಜಾಡಿಯಲ್ಲಿ ಲಂಡನ್ನಿಗೆ ತಂದು ಸಾಕಿದ್ದಳು. ಪಂಪು ಎಲ್ಲಿತ್ತು ಆಗ? ಮನೆ ಕೆಲಸದವಳು ದಿನಾ ಕಿಟಕಿ ತೆರೆದು, ಅದರ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ಯುತ್ತಿದ್ದಳಂತೆ, ಗಾಳಿ ಸೇರಲಿ ಅಂತ. ಇದನ್ನು ಇವಳಿಗೆ ಓದಿ ಹೇಳಿದೆ. ಕೂಡಲೇ ನೀರಿನಲ್ಲಿ ಅಲೆ ಎಬ್ಬಿಸುವ ಇನ್ನೊಂದು ವೇವ್‌ಮೇಕರಿಗೆ ಒಪ್ಪಿಗೆ ಸಿಕ್ಕಿತು.

ಆಮೇಲೆ ಇಂಗ್ಲೆಂಡಿನ ಜೀವಿಶಾಸ್ತ್ರಜ್ಞ ಫಿಲಿಪ್ ಹೆನ್ರಿ ಗಾಸ್ ಬಂದ. 1850ರ ದಶಕದಲ್ಲಿ ಕಡಲ ದಡದ ಜೀವಿಗಳ ಬಗ್ಗೆ ಆಸೆ ಹುಟ್ಟುವ ಹಾಗೆ ಬರೆದ. ದೇವರ ಸೃಷ್ಟಿ ನೋಡಿ ಅಂತ ಅವನ ಭಾವನೆ. ಜನ ನೋಡಲಿಕ್ಕೆ ಬಂದರು, ಬರುವಾಗ ಜಾಡಿಯನ್ನೂ ತಂದರು. ಬಂಡೆ ನಡುವಿನ ನೀರಗುಂಡಿಗಳು ಹೇಗೆ ಬರಿದಾದವು, ಅಪ್ಪ ಅದಕ್ಕೆ ಎಷ್ಟು ನೊಂದುಕೊಂಡ ಅಂತ ಅವನ ಮಗನೇ ಮುಂದೆ ಬರೆದಿದ್ದಾನೆ. ಅದನ್ನು ಓದಿದ ಮೇಲೆ ನನ್ನ ಪಟ್ಟಿಯಲ್ಲಿ ಸಮುದ್ರದಿಂದ ಹಿಡಿದು ತಂದ ಮೀನಿಗೆಲ್ಲ ಗೀಟು ಎಳೆದೆ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿ ವರ್ಷಗಳೇ ಆದವು. ಹ್ಯಾಚರಿ ಮರಿ ಎರಡು ಸಾಕು ನನಗೆ. ಅಂಗಡಿಯವರು ತೆಗೆದಿಟ್ಟಿದ್ದಾರೆ. ನನ್ನ ನಳಿಗೆಯಲ್ಲಿ ಹಳದಿ ಬಂದೂ ಎಷ್ಟೋ ದಿನ ಆಯಿತು. "ಸರ್, ಯಾವಾಗ ಬರ್ತೀರಿ?" ಅಂತ ಅವರು. "ಮುಂದಿನ ವಾರ" ಅಂತ ನಾನು.

ಯಾಕೆ ಅಂತ ನಿನಗೆ ಹೇಳಬೇಕು.

ಹೊಸದಾಗಿ ಉಪ್ಪು ಕಲಸಿದ ನೀರಿಗೆ ಮೂಗು ಹಿಡಿದು ನೋಡಿದೆ. ಸಮುದ್ರದ ವಾಸನೆ ಇಲ್ಲ. ಆ ವಾಸನೆ ಉಪ್ಪಿನದ್ದಲ್ಲವಂತೆ. ಪಾಚಿ, ಬ್ಯಾಕ್ಟೀರಿಯಾಗಳಿಂದ ಬರುವ ಡೈಮಿಥೈಲ್ ಸಲ್ಫೈಡ್ ಅನ್ನುವ ಗಾಳಿಯದ್ದು. ಸರಿ ಅಂತ ಬಿಟ್ಟೆ. ಅದೇ ರಾತ್ರಿ ಟ್ಯಾಂಕಿನ ನೀರು ತಣ್ಣಗಿಡುವ ಚಿಲ್ಲರ್ ಹುಡುಕುತ್ತಾ ಕೂತಿದ್ದಾಗ ಯಾವುದೋ ಜಾಹೀರಾತು ಬಂತು. ಹೊನ್ನಾವರದ ಹತ್ರ ಹೋಂಸ್ಟೇ. ಒತ್ತಿದೆ. ನಮ್ಮ ಮನೆ ಗಣಪು.

ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಕೋಣೆ ಇತ್ತಲ್ಲ, ನಾವು ಚೌತಿ ರಜೆಯಲ್ಲಿ ಬಾಗಿಲು ಹಾಕಿಕೊಂಡು ಇಸ್ಪೀಟ್ ಆಡುತ್ತಿದ್ದ ಕೋಣೆ, ಅದೀಗ 'ಡೀಲಕ್ಸ್ ಸೀ ವ್ಯೂ'. ಫೋಟೋ ದೊಡ್ಡದು ಮಾಡಿ ನೋಡಿದೆ. ಕಿಟಕಿಗೆ ಕಂಬಿ ಇಲ್ಲ. ಅಪ್ಪ ಪ್ರತಿ ವರ್ಷ ಮಳೆಗೆ ಮುಂಚೆ ತುಕ್ಕು ಉಜ್ಜಿ ಬಣ್ಣ ಹೊಡೆಯುತ್ತಿದ್ದ ಕಂಬಿಗಳು. ಎಷ್ಟು ಹೊಡೆದರೂ ದೀಪಾವಳಿ ಹೊತ್ತಿಗೆ ಮತ್ತೆ ಪದರ ಏಳುತ್ತಿತ್ತು. ಈಗ ಅಲ್ಲಿ ಗೋಡೆ ಅಗಲಕ್ಕೂ ಒಂದೇ ಗಾಜು. ಒಂದು ರಾತ್ರಿಯ ಬಾಡಿಗೆ ನನ್ನ ಒಂದು ಡಬ್ಬಿ ಉಪ್ಪಿಗಿಂತ ಕಮ್ಮಿ. ಬುಕ್ ಮಾಡುವ ಬಟನ್ ತನಕ ಹೋಗಿ, ಹೆಸರು ಹಾಕುವ ಕಡೆ ನಿಂತೆ. ಅಪ್ಪನ ಹೆಸರು ಇಟ್ಟುಕೊಂಡ ಮನೆಗೆ ಗೆಸ್ಟ್ ಅಂತ ಏನು ಬರೆಯುವುದು?

ಈ ಟ್ಯಾಂಕಿಗೆ ದುಡ್ಡು ಎಲ್ಲಿಂದ ಅಂತ ನೀನು ಯಾವತ್ತೂ ಕೇಳಲಿಲ್ಲ. ನನ್ನ ಪಾಲಿಗೆ ಬಂದದ್ದರಲ್ಲಿ ಹೆಚ್ಚಿನದು ಈ ಫ್ಲಾಟಿನ ಸಾಲಕ್ಕೆ ಹೋಯಿತು. ಉಳಿದದ್ದು ಬೇರೆ ಖಾತೆಯಲ್ಲಿತ್ತು. ಫ್ರಿಜ್ ಕೆಟ್ಟಾಗಲೂ ಅದನ್ನು ಮುಟ್ಟಲಿಲ್ಲ. ಟ್ಯಾಂಕ್ ಅಂದಾಗ ಮಾತ್ರ ಕೈ ಓಡಿತು. ಕಡಲ ಪಕ್ಕದ ಮನೆ ಮಾರಿ ಮೂರನೇ ಮಹಡಿಯಲ್ಲಿ ಕಡಲು ಕಟ್ಟುತ್ತಿದ್ದೇನೆ ಅಂತ ಹೊಳೆಯಲಿಕ್ಕೆ ಆ ಜಾಹೀರಾತೇ ಬೇಕಾಯಿತು ನೋಡು. ಇಷ್ಟು ಲೆಕ್ಕ ಹಾಕುವವನಿಗೆ ಆ ಲೆಕ್ಕ ಬಂದಿರಲಿಲ್ಲ. ಈಗ ಆ ಖಾತೆಯಲ್ಲಿ ಉಳಿದಿರುವುದು ಮೀನಿನ ದುಡ್ಡು ಅಷ್ಟೇ. ಅದನ್ನೂ ಕೊಟ್ಟರೆ ಮನೆ ಪೂರ್ತಿ ಖರ್ಚಾದ ಹಾಗೆ.

ಇನ್ನೊಂದು ಹೇಳಿಬಿಡುತ್ತೇನೆ. ಸಹಿ ಹಾಕಲಿಕ್ಕೆ ಬಂದ ದಿನ ನಿನ್ನ ಮನೆ ಮುಂದೆಯೇ ಹೋದೆ. ಆಯಿ ಅಂಗಳದಲ್ಲಿ ಹಪ್ಪಳ ಮಗುಚಿ ಹಾಕುತ್ತಿದ್ದರು. ನಾನು ಆಟೊದಲ್ಲಿ ತಲೆ ತಗ್ಗಿಸಿ ಕೂತೆ. ಆಮೇಲೆ ಫೋನಿನಲ್ಲಿ ನೀನು "ಬಂದಿದ್ಯಂತೆ" ಅಂದೆ, ಅಷ್ಟೇ. "ಹೂಂ, ಅರ್ಜೆಂಟಿತ್ತು" ಅಂದೆ. ಅರ್ಜೆಂಟು ಏನೂ ಇರಲಿಲ್ಲ. ರೈಲಿಗೆ ಬೇಕಾದಷ್ಟು ಹೊತ್ತಿತ್ತು. ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಶೇಂಗಾ ತಿಂದೆ. ಒಳಗೆ ಬಂದಿದ್ದರೆ ಚಾ ಕುಡಿದ ಮೇಲೆ ನೀನು ದಡಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ದಡದಲ್ಲಿ ನಿಂತು ತಿರುಗಿದರೆ ಮನೆ ಕಾಣುತ್ತದೆ. ನೀನು ಏನೂ ಅನ್ನುತ್ತಿರಲಿಲ್ಲ. ಅದಕ್ಕೇ ಹೆದರಿದ್ದು.

ಇಷ್ಟೆಲ್ಲ ಬರೆಯುವ ಪ್ಲಾನ್ ಇರಲಿಲ್ಲ ಮಾರಾಯ. ಇಲ್ಲಿ ಪ್ರೋಟೀನ್ ಸ್ಕಿಮ್ಮರ್ ಬಗ್ಗೆ ಎರಡು ಪ್ಯಾರಾ ಬರಬೇಕಿತ್ತು. ಓದುವವರು ಕಾಯುತ್ತಿದ್ದಾರೆ, ಚುಟುಕಾಗಿ ಹೇಳುತ್ತೇನೆ. ಆಷಾಢದಲ್ಲಿ ತೆರೆ ಬಡಿದು ದಡದ ಮರಳಿನ ಮೇಲೆ ಹಳದಿ ನೊರೆ ಬಂದು ನಿಲ್ಲುತ್ತದಲ್ಲ, ಸ್ಕಿಮ್ಮರ್ ಮಾಡುವುದೂ ಅದನ್ನೇ. ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ, ನೀರಿನ ಕೊಳೆ ಗುಳ್ಳೆಗೆ ಅಂಟಿ ಮೇಲೆ ಬಂದು ಒಂದು ಕಪ್ಪಿನಲ್ಲಿ ತುಂಬುತ್ತದೆ. ಆ ಕಪ್ಪಿನ ವಾಸನೆ ಬಗ್ಗೆ ಇವಳು ಬೇರೆ ಪತ್ರ ಬರೆಯುತ್ತಾಳಂತೆ.

ಮೀನಿಗೆ ಹೆಸರೂ ಇವಳೇ ಇಟ್ಟಾಗಿದೆ. ಕ್ಲೌನ್ ಮೀನು ಹುಟ್ಟುವಾಗ ಎಲ್ಲಾ ಗಂಡೇ. ಒಟ್ಟಿಗೆ ಇಟ್ಟರೆ ಜೋರು ಮಾಡುವುದು ದೊಡ್ಡದಾಗಿ ಬೆಳೆದು ಹೆಣ್ಣಾಗುತ್ತದೆ. ಇನ್ನೊಂದು ಚಿಕ್ಕದಾಗೇ ಉಳಿದು, ಅದು ಹೇಳಿದ ಹಾಗೆ ಕೇಳಿಕೊಂಡು, ಮೊಟ್ಟೆಗೆ ರೆಕ್ಕೆಯಲ್ಲಿ ಗಾಳಿ ಬೀಸುತ್ತಾ ಕಾವಲು ಕಾಯುತ್ತದೆ. ಚಿಕ್ಕದಕ್ಕೆ ಗಣಪು ಅಂತ ಇಟ್ಟಿದ್ದಾಳೆ. ನನ್ನ ಹೆಸರು ಯಾಕೆ ಇಡಲಿಲ್ಲ ಅಂತ ಕೇಳಿದೆ. ಎರಡನ್ನು ಸಾಕಲಿಕ್ಕೆ ಆಗಲ್ಲ ಅಂದಳು.

ಶನಿವಾರ ಅಂಗಡಿಗೆ ಹೋಗುವುದು ಅಂತ ಆಗಿದೆ. ಹೋಗದಿದ್ದರೆ ಗ್ರೂಪಿನಲ್ಲಿ ಏನು ಬೇಕಾದರೂ ಹಾಕು. ನೀನು ಯಾವಾಗ ಬರ್ತೀಯಾ? ಬರುವಾಗ ಬಂಗಡೆ ತಾ, ಐಸ್ ಹಾಕಿಸಿ. ಆದರೆ ಮೊದಲೇ ಫೋನ್ ಮಾಡು. ಹುರಿಯುವಾಗ ಎಣ್ಣೆ ಹೊಗೆ ನೀರಿನ ಮೇಲೆ ಕೂತು ಪದರ ಕಟ್ಟುತ್ತದೆ, ಟ್ಯಾಂಕಿಗೆ ಟವೆಲ್ ಮುಚ್ಚಬೇಕು. ಅವುಗಳ ಎದುರಿಗೇ ತಿಂದರೆ ಏನಂದುಕೊಂಡಾವು ಅನ್ನುವುದು ಎರಡನೇ ಕಾರಣ.

ನಿನ್ನ,
ಮೂರನೇ ಮಹಡಿಯ ಮೀನುಗಾರ